ಹೊಸ ಆವೃತ್ತಿಯ ಪ್ಯಾಚು, ಹಳೆಯ ಲ್ಯಾಪ್‌ಟಾಪು

ಸಾಫ್ಟ್‌ವೇರ್ ಸಿಂಥ್, ಅಂದರೆ ಕಂಪ್ಯೂಟರಿನಲ್ಲೇ ದನಿ ಹುಟ್ಟಿಸುವ ವಾದ್ಯದಂಥ ತಂತ್ರಾಂಶ, ಬಳಸುವವರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ: ಅಪ್‌ಡೇಟ್ ಹಾಕಿಕೊಂಡರೆ ನನ್ನ ಹಳೆಯ ಪ್ರಿಸೆಟ್‌ಗಳು (ಉಳಿಸಿಟ್ಟ ದನಿಗಳು, ಪ್ಯಾಚು ಎಂದರೂ ಅದೇ) ತೆರೆದುಕೊಳ್ಳುತ್ತವೆಯೇ? ಅದನ್ನೇ ತಿರುಗಿಸಿ ಕೇಳುವವರು ತೀರಾ ಕಡಿಮೆ. ಇವತ್ತು ಹೊಸ ಆವೃತ್ತಿಯಲ್ಲಿ ನಾನು ಮಾಡಿದ ಪ್ರಿಸೆಟ್, ವರ್ಷಗಳ ಹಿಂದಿನ ಆವೃತ್ತಿ ಇಟ್ಟುಕೊಂಡವರ ಲ್ಯಾಪ್‌ಟಾಪಿನಲ್ಲಿ ನಾನು ಕೇಳಿದ ಹಾಗೆಯೇ ನುಡಿಯುತ್ತದೆಯೇ? ನನಗೆ ಇದೇ ದೊಡ್ಡ ಪ್ರಶ್ನೆ. ಇದರ ಹೊಣೆ ಸಿಂಥ್ ಬರೆಯುವವರ ಮೇಲೆ ಎಷ್ಟಿದೆಯೋ, ಪ್ರಿಸೆಟ್ ಮಾಡಿ ಹಂಚುವ ನಮ್ಮ ಮೇಲೂ ಅಷ್ಟೇ ಇದೆ ಎಂದು ನಂಬಿದವನು ನಾನು.

"ಅಪ್‌ಡೇಟ್ ಮಾಡ್ಕೊಳ್ಳಿ, ಫ್ರೀ ತಾನೇ" ಅನ್ನುವವರಿದ್ದಾರೆ. ಹಳೆಯ ಆವೃತ್ತಿಯಲ್ಲಿ ಉಳಿದವರೆಲ್ಲ ಸೋಮಾರಿಗಳಲ್ಲ. ಎಷ್ಟೋ ಜನರ ಬಳಿ ಇರುವುದು ಹಳೆಯ ಯಂತ್ರ, ಹೊಸ ಸಿಂಥ್ ಅದರಲ್ಲಿ ಇನ್‌ಸ್ಟಾಲ್ ಆಗುವುದೇ ಇಲ್ಲ. 2019ರಲ್ಲಿ ಆ್ಯಪಲ್ ಕಂಪನಿ ಮ್ಯಾಕ್ಓಎಸ್ ಕ್ಯಾಟಲಿನಾದಲ್ಲಿ 32 ಬಿಟ್ ತಂತ್ರಾಂಶಗಳನ್ನು ಪೂರ್ತಿ ಕೈಬಿಟ್ಟಾಗ, ಕೆಲವರು ತಮ್ಮ ಪ್ಲಗಿನ್‌ಗಳನ್ನು (ಸಂಗೀತ ತಂತ್ರಾಂಶದೊಳಗೆ ಕೂರುವ ಸಿಂಥ್, ಎಫೆಕ್ಟ್‌ಗಳನ್ನು) ಉಳಿಸಿಕೊಳ್ಳಲೆಂದೇ ಹಿಂದಿನ ಓಎಸ್‌ನಲ್ಲಿ ನಿಂತರು. ರಂಗಭೂಮಿಯವರನ್ನು ನೋಡಿ. ನಾಟಕವೊಂದರ ಸಂಗೀತ ಕೂಡಿಬಂದು ಪ್ರಯೋಗಗಳು ಶುರುವಾದ ಮೇಲೆ ಆ ಲ್ಯಾಪ್‌ಟಾಪನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಲೂಬಾರದು. ಸಂಜೆ ಏಳಕ್ಕೆ ಮೂರನೇ ಗಂಟೆ ಹೊಡೆಯುವ ಹೊತ್ತಿಗೆ ಹೊಸ ಆವೃತ್ತಿಯ ಪರೀಕ್ಷೆ ನಡೆಸುವ ಧೈರ್ಯ ಯಾವ ತಂಡಕ್ಕೂ ಇರುವುದಿಲ್ಲ. ಅಂಥ ತಂಡಕ್ಕೆ ಹೊಸದೊಂದು ದನಿ ಬೇಕಾದರೆ, ಅವರ ಆವೃತ್ತಿಗೆ ಹೊಂದುವಂತೆ ಮಾಡಿಕೊಡುವುದು ಕೊಡುವವರ ಕೆಲಸ.

ಇದು ಯಾಕೆ ಕಷ್ಟ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರಿಸೆಟ್ ಕಡತದಲ್ಲಿ ಸಾಮಾನ್ಯವಾಗಿ ಧ್ವನಿಮುದ್ರಣ ಇರುವುದಿಲ್ಲ. ಮುಖ್ಯವಾಗಿ ಇರುವುದು ಗುಂಡಿಗಳ ಸ್ಥಾನ: ದನಿಯನ್ನು ಸೋಸುವ ಫಿಲ್ಟರ್ ಇಷ್ಟಕ್ಕೆ ತೆರೆದಿದೆ, ದನಿಯ ಏರಿಳಿತ ರೂಪಿಸುವ ಎನ್‌ವಲಪ್ ಇಷ್ಟು ನಿಧಾನ, ಇಂಥ ಎಲ್‌ಎಫ್‌ಒ (ನಿಧಾನವಾಗಿ ತೂಗುವ ಅಲೆ) ಇಂಥದ್ದನ್ನು ಅಲುಗಿಸುತ್ತಿದೆ. ದನಿ ಹುಟ್ಟುವುದು ಸಿಂಥ್‌ನ ಒಳಗೆ. ಗುಂಡಿಗಳು ಅಲ್ಲೇ ಇದ್ದರೂ ಒಳಗಿನ ಲೆಕ್ಕ ಬದಲಾದರೆ ದನಿಯೂ ಬದಲಾಗುತ್ತದೆ, ಮತ್ತು ಅದು ಬದಲಾಗಿದೆ ಎಂದು ತೆರೆಯ ಮೇಲೆ ಎಲ್ಲೂ ಕಾಣುವುದಿಲ್ಲ.

ವಿಎಸ್‌ಟಿ2 ಎಂಬ ಹಳೆಯ ಮಾದರಿಯ ಪ್ಲಗಿನ್‌ಗಳು ಪ್ರಿಸೆಟ್ ಉಳಿಸುವ ಎಫ್‌ಎಕ್ಸ್‌ಪಿ ಕಡತದಲ್ಲಿ ಎರಡು ಬಗೆ. ಒಂದರಲ್ಲಿ ಪ್ರತಿ ಗುಂಡಿಗೂ 0ಯಿಂದ 1ರ ನಡುವಿನ ಒಂದು ಸಂಖ್ಯೆ, ಸಾಲಾಗಿ. ಇನ್ನೊಂದರಲ್ಲಿ ಆಯಾ ಪ್ಲಗಿನ್‌ಗೆ ಮಾತ್ರ ಅರ್ಥವಾಗುವ ಒಂದು ದತ್ತಾಂಶದ ಗಂಟು. ಮೊದಲ ಬಗೆಯಲ್ಲಿ ಏನಾಗುತ್ತದೆ ನೋಡಿ. ಒಂದು ಸಿಂಥ್‌ನಲ್ಲಿ ನಾಲ್ಕು ನಮೂನೆಯ ಫಿಲ್ಟರ್ ಇವೆ ಎಂದುಕೊಳ್ಳಿ. ಅವು 0, 0.333, 0.667, 1 ಎಂದು ಕೂರುತ್ತವೆ. ಮುಂದಿನ ಆವೃತ್ತಿಯಲ್ಲಿ ಐದನೆಯದೊಂದು ಸೇರಿತು. ಪಟ್ಟಿಯ ಕೊನೆಗೇ ಸೇರಿಸಿದ್ದಾರೆ, ಹಾಗಾಗಿ ಅಪಾಯವಿಲ್ಲ ಎನಿಸುತ್ತದೆ. ಆದರೆ ಈಗ ಸ್ಥಾನಗಳು 0, 0.25, 0.5, 0.75, 1. ಹಳೆಯ ಪ್ರಿಸೆಟ್‌ನ 0.667ಕ್ಕೆ ಹತ್ತಿರವಿರುವುದು 0.75. ಮೂರನೇ ಫಿಲ್ಟರ್ ನಾಲ್ಕನೆಯದಾಯಿತು, ನಾಲ್ಕನೆಯದು ಐದನೆಯದಾಯಿತು. ಹೊಸದರಲ್ಲಿ ಮಾಡಿದ್ದನ್ನು ಹಳೆಯದರಲ್ಲಿ ತೆರೆದರೆ ಇದೇ ಗೊಂದಲ ಹಿಮ್ಮುಖವಾಗಿ ನಡೆಯುತ್ತದೆ. ಹಾಗಾಗಿ ಆಯ್ಕೆಯ ಪಟ್ಟಿಗಳನ್ನು ಭಿನ್ನಾಂಶವಾಗಿ ಉಳಿಸಲೇಬಾರದು, ಹೆಸರಾಗಿಯೋ ಪೂರ್ಣಾಂಕವಾಗಿಯೋ ಉಳಿಸಬೇಕು. 2022ರಲ್ಲಿ ಬಿಟ್ವಿಗ್ ಮತ್ತು ಯು-ಹೆ ಕಂಪನಿಗಳು ಸೇರಿ ತಂದ ಕ್ಲ್ಯಾಪ್ ಎಂಬ ಪ್ಲಗಿನ್ ಮಾದರಿಯಲ್ಲಿ, ಅದಕ್ಕೂ ಮುಂಚೆ 2008ರ ವಿಎಸ್‌ಟಿ3ರಲ್ಲಿ, ಪ್ರತಿ ಗುಂಡಿಗೂ ಸಾಲಿನ ಸ್ಥಾನಕ್ಕೆ ಸಂಬಂಧವಿಲ್ಲದ ಸ್ವಂತ ಗುರುತಿನ ಸಂಖ್ಯೆ ಕೊಟ್ಟರು. ಅದರಿಂದ ಅರ್ಧ ನೋವು ಕಡಿಮೆಯಾಯಿತು. ಉಳಿದರ್ಧವನ್ನು ಸಿಂಥ್ ಬರೆಯುವವರ ಶಿಸ್ತೇ ನೋಡಿಕೊಳ್ಳಬೇಕು.

ಆ ಶಿಸ್ತು ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಸರ್ಜ್‌ನ ಮೂಲ ಕೋಡ್ ಓದಲು ಹೇಳುತ್ತೇನೆ. ಕ್ಲಾಸ್ ಯೊಹಾನ್ಸನ್ ಅವರು ವೆಂಬರ್ ಆಡಿಯೊ ಹೆಸರಿನಲ್ಲಿ ಮಾರುತ್ತಿದ್ದ ಸಿಂಥ್ ಇದು. 2018ರಲ್ಲಿ ಅವರು ಇದನ್ನು ಓಪನ್ ಸೋರ್ಸ್ ಮಾಡಿದರು. ಆಮೇಲೆ ಸ್ವಯಂಸೇವಕರ ತಂಡವೊಂದು ಬೆಳೆಸಿ, 2022ರ ಜನವರಿಯಲ್ಲಿ ಸರ್ಜ್ ಎಕ್ಸ್‌ಟಿ ಎಂದು ಹೊರತಂದಿತು. ಇದರ ಪ್ರತಿ ಪ್ಯಾಚಿನೊಳಗೂ ಒಂದು ಪರಿಷ್ಕರಣೆ ಸಂಖ್ಯೆ ಇದೆ. ಪ್ರತಿ ಸಂಖ್ಯೆಯಲ್ಲಿ ಏನು ಬದಲಾಯಿತು, ಗುಂಡಿಯ ಹಳೆಯ ಬೆಲೆಯನ್ನು (ಅದರ ಸ್ಥಾನ ಹೇಳುವ ಸಂಖ್ಯೆಯನ್ನು) ಹೊಸದಕ್ಕೆ ಹೇಗೆ ತಿರುಗಿಸಬೇಕು ಎಂಬ ಟಿಪ್ಪಣಿ ಕೋಡಿನಲ್ಲೇ ಸಾಲಾಗಿ ಕೂತಿದೆ. ಬೇರೆ ಬೇರೆಯಾಗಿದ್ದ ಧನ ಮತ್ತು ಋಣ ಕೋಂಬ್ ಫಿಲ್ಟರ್‌ಗಳು (ದನಿಗೆ ಅದರದೇ ತುಸು ತಡವಾದ ಪ್ರತಿಯನ್ನು ಬೆರೆಸುವ ಫಿಲ್ಟರ್‌ಗಳು) ಒಂದೇ ನಮೂನೆಯಾದದ್ದು, ಉಪನಮೂನೆಗಳ ಲೆಕ್ಕ ಅದಕ್ಕೆ ತಕ್ಕಂತೆ ಬದಲಾದದ್ದು, ಫಿಲ್ಟರ್ ಒಂದು ಆವರ್ತನವನ್ನು ಎತ್ತಿ ನುಡಿಸುವ ರೆಸೊನೆನ್ಸ್‌ನ ವ್ಯಾಪ್ತಿ ಹಿಗ್ಗಿದಾಗ ಹಳೆಯ ಪ್ಯಾಚುಗಳ ಫಿಲ್ಟರ್‌ಗಳನ್ನು ಬೇರೊಂದು ಉಪನಮೂನೆಗೆ ಕಟ್ಟಿಹಾಕಿದ್ದು, ಎಲ್ಲವೂ ದಾಖಲಾಗಿದೆ. ಒಂದು ಸಿಂಥ್‌ನ ಚರಿತ್ರೆ ಅಲ್ಲಿದೆ. ಅದನ್ನು ಓದುವಾಗ ನನಗೆ ನಿಜಕ್ಕೂ ಗೌರವ ಹುಟ್ಟಿತು.

ಅದರಲ್ಲೂ ಕೋಂಬ್ ಫಿಲ್ಟರ್‌ನ ಕಥೆ ನನಗೆ ತುಂಬ ಇಷ್ಟ. ಆ ಫಿಲ್ಟರ್‌ನ ಶ್ರುತಿ ಮೊದಲಿಂದಲೂ ಸ್ವಲ್ಪ ತಪ್ಪಿತ್ತು. ಮುಂದೆ ಅದನ್ನು ಸರಿಪಡಿಸಿದರು. ಆದರೆ ತಪ್ಪು ಶ್ರುತಿಯನ್ನೇ ಕಿವಿಯಿಂದ ಕೇಳಿ, ಅದಕ್ಕೆ ತಕ್ಕಂತೆ ಉಳಿದ ಗುಂಡಿಗಳನ್ನು ತಿರುಗಿಸಿಟ್ಟವರ ಗತಿ? ಅದಕ್ಕೇ ಪ್ಯಾಚಿನೊಳಗೆ ಒಂದು ಗುರುತು ಇಟ್ಟರು. ಹಳೆಯ ಪ್ಯಾಚು ಹಳೆಯ ಶ್ರುತಿಯಲ್ಲೇ ನುಡಿಯುತ್ತದೆ, ಹೊಸದು ಸರಿಯಾದ ಶ್ರುತಿಯಲ್ಲಿ. ಬೇಕಾದವರು ಮೆನುವಿನಲ್ಲಿ ಬದಲಿಸಿಕೊಳ್ಳಬಹುದು. ಒಬ್ಬರ ಸಂಗೀತದೊಳಗೆ ಸೇರಿಹೋದ ದೋಷವನ್ನು ಅವರನ್ನು ಕೇಳದೆ ತಿದ್ದುವ ಹಕ್ಕು ತಂತ್ರಾಂಶ ಬರೆದವರಿಗೆ ಇಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ. "ಈಗ ಧ್ವನಿ ಇನ್ನೂ ಚೆನ್ನಾಗಿದೆ" ಎಂಬ ಸಮಜಾಯಿಷಿಯನ್ನು ನಾನು ಒಪ್ಪುವುದಿಲ್ಲ. ಅದು ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸಬೇಕಾದವರು ಆ ಹಾಡು ಮಾಡಿದವರು.

ಇಲ್ಲೇ ಸೇರಬೇಕಾದ ಇನ್ನೊಂದು ಮಾತಿದೆ. ಹೊಸ ಆವೃತ್ತಿಯಲ್ಲಿ ಹೊಸ ಗುಂಡಿ ಬಂದಾಗ ಹಳೆಯ ಕಡತದಲ್ಲಿ ಅದರ ಉಲ್ಲೇಖವೇ ಇರುವುದಿಲ್ಲ. ಆಗ ಅದಕ್ಕೆ ಯಾವ ಬೆಲೆ ಹಾಕಬೇಕು? ಹೊಸದಾಗಿ ಸಿಂಥ್ ತೆರೆದವರಿಗೆ ಕೇಳಲು ಸೊಗಸಾದ ಆರಂಭದ ಬೆಲೆ ಬೇರೆ, ಆ ಗುಂಡಿ ಇಲ್ಲದ ಕಾಲದಲ್ಲಿ ಸಿಂಥ್ ಹೇಗೆ ನಡೆದುಕೊಳ್ಳುತ್ತಿತ್ತೋ ಆ ಬೆಲೆ ಬೇರೆ. ಇವೆರಡನ್ನೂ ಒಂದೇ ಎಂದುಕೊಂಡ ಕಡೆಯೆಲ್ಲ ಹಳೆಯ ಪ್ರಿಸೆಟ್‌ಗಳು ಸದ್ದಿಲ್ಲದೆ ಕೆಡುತ್ತವೆ.

ಇನ್ನು ಹಿಂದಕ್ಕೆ ಹೋಗುವ ದಾರಿ. ಹೊಸ ಪ್ಯಾಚನ್ನು ಹಳೆಯ ಸರ್ಜ್‌ನಲ್ಲಿ ತೆರೆದರೆ ಅದು ಎಚ್ಚರಿಕೆ ಕೊಟ್ಟು, ತನಗೆ ಗೊತ್ತಿಲ್ಲದ್ದನ್ನು ಬಿಟ್ಟು, ಉಳಿದದ್ದನ್ನು ತೆರೆಯುತ್ತದೆ. 2020ರಲ್ಲಿ ಬಂದ ಮ್ಯಾಟ್ ಟೈಟೆಲ್ ಅವರ ವೈಟಲ್ ಎಂಬ ಸಿಂಥ್ ಹಾಗಲ್ಲ. ಪ್ರಿಸೆಟ್ ಹೊಸ ಆವೃತ್ತಿಯದ್ದು ಎಂದು ಹೇಳಿ ತೆರೆಯಲು ನಿರಾಕರಿಸುತ್ತದೆ. ಎರಡಕ್ಕೂ ಅದರದರ ನ್ಯಾಯವಿದೆ. ತಪ್ಪಾಗಿ ನುಡಿಯುವುದಕ್ಕಿಂತ ನುಡಿಯದಿರುವುದೇ ಮೇಲು ಎಂಬ ವಾದ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಮತ ಸರ್ಜ್‌ನ ಕಡೆಗೆ. ಅರ್ಧ ಸರಿಯಾಗಿ ತೆರೆದ ಪ್ಯಾಚನ್ನು ಕಿವಿ ಇದ್ದವರು ತಿದ್ದಿಕೊಳ್ಳಬಹುದು, ತೆರೆಯದ ಪ್ಯಾಚಿನಿಂದ ಏನೂ ಕಲಿಯುವುದಕ್ಕಾಗುವುದಿಲ್ಲ.

ವೈಟಲ್‌ನ ಕಡತ ಜೇಸನ್ ರೂಪದ ಬರೀ ಪಠ್ಯ. ನೋಟ್‌ಪ್ಯಾಡ್‌ನಲ್ಲಿ ತೆರೆದು ಆವೃತ್ತಿಯ ಸಂಖ್ಯೆಯನ್ನು ಕಡಿಮೆ ಮಾಡಿಬಿಟ್ಟರೆ ಆಯಿತಲ್ಲ ಎಂದು ಕೆಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಆ ರೀತಿ ತಿದ್ದಿದ ಕಡತವನ್ನು ಹಂಚಬೇಡಿ. ಆ ಸಂಖ್ಯೆಯನ್ನು ನಂಬಿಯೇ ಸಿಂಥ್ ಹಳೆಯ ಬೆಲೆಗಳನ್ನು ಹೊಸದಕ್ಕೆ ಪರಿವರ್ತಿಸುತ್ತದೆ. ಸುಳ್ಳು ಸಂಖ್ಯೆಯ ಕಡತ ಮುಂದೊಂದು ದಿನ ಹೊಸ ಆವೃತ್ತಿಯ ಕೈಗೆ ಸಿಕ್ಕರೆ, ಆಗಲೇ ಹೊಸದಾಗಿರುವ ಬೆಲೆಗಳ ಮೇಲೆ ಮತ್ತೊಮ್ಮೆ ಪರಿವರ್ತನೆ ನಡೆಯುತ್ತದೆ. ಆಮೇಲೆ ಮೂಲ ದನಿ ಯಾವುದೆಂದು ಯಾರಿಗೂ ಹೇಳಲಾಗುವುದಿಲ್ಲ.

ಈ ಸಮಸ್ಯೆಗೆ ಸೊಗಸಾದ ಪರಿಹಾರ ನಲವತ್ತು ವರ್ಷದ ಹಿಂದಿನ ಯಂತ್ರಗಳಲ್ಲೇ ಇದೆ. ಯಮಾಹಾ ಕಂಪನಿಯ ಡಿಎಕ್ಸ್7 ಸಿಂಥ್ ಬಂದದ್ದು 1983ರಲ್ಲಿ. ಒಂದು ದನಿಗೆ ಹತ್ತು ಅಕ್ಷರದ ಹೆಸರೂ ಸೇರಿ 155 ಬೈಟ್. ಮಡಚಿದರೆ 128 ಬೈಟ್. 32 ದನಿಗಳ ಕಂತೆ ಮಿಡಿ (ವಿದ್ಯುನ್ಮಾನ ವಾದ್ಯಗಳು ಒಂದಕ್ಕೊಂದು ಮಾತಾಡುವ ಭಾಷೆ) ತಂತಿಯಲ್ಲಿ 4104 ಬೈಟ್ ಆಗಿ ಹರಿಯುತ್ತದೆ. ಇವತ್ತಿಗೂ ಡೆಕ್ಸೆಡ್ ಎಂಬ ಉಚಿತ ಪ್ಲಗಿನ್‌ನಲ್ಲಿ ಅದೇ ಕಂತೆಗಳು ತೆರೆದುಕೊಳ್ಳುತ್ತವೆ. ನಾನು ಹೇಳಬೇಕೆಂದಿರುವುದು ಅದರ ಮುಂದಿನ ಹೆಜ್ಜೆಯನ್ನು. 1987ರಲ್ಲಿ ಅದೇ ಕಂಪನಿ ಟಿಎಕ್ಸ್81ಝಡ್ ಎಂಬ ನಾಲ್ಕು ಆಪರೇಟರ್‌ಗಳ (ಅಲೆ ಹುಟ್ಟಿಸುವ ಘಟಕಗಳ) ಪೆಟ್ಟಿಗೆ ತಂದಿತು. ಅದಕ್ಕೆ ಮುಂಚಿನ ಡಿಎಕ್ಸ್21ರಲ್ಲಿ ಸೈನ್ ಅಲೆ ಮಾತ್ರ, ಇದರಲ್ಲಿ ಎಂಟು ಬಗೆಯ ಅಲೆಗಳು. ಹಳೆಯ ದತ್ತಾಂಶದ ಆಕಾರವನ್ನು ಅವರು ಮುಟ್ಟಲೇ ಇಲ್ಲ. ಒಂದು ದನಿಯನ್ನು ಕಳಿಸುವಾಗ ಹೊಸ ಸಂಗತಿಗಳನ್ನು ಪ್ರತ್ಯೇಕವಾದ ಇನ್ನೊಂದು ಕಂತೆಯಲ್ಲಿ ಇಟ್ಟರು. ಮೊದಲ ಕಂತೆ ಹಳೆಯ ಯಂತ್ರಕ್ಕೂ ಅರ್ಥವಾಗುತ್ತದೆ, ಎರಡನೆಯದು ಗೊತ್ತಿರುವವರಿಗೆ ಮಾತ್ರ. ಅದೇ ವರ್ಷದ ಡಿಎಕ್ಸ್7 ಎರಡನೇ ಪೀಳಿಗೆಯಲ್ಲೂ ಇದೇ ವಿಧಾನ. ಸಾಂಬಾರು ಪಾತ್ರೆಗೆ ಕೈ ಹಾಕದೆ ತುಪ್ಪವನ್ನು ಪಕ್ಕದಲ್ಲಿ ಬಡಿಸಿದ ಹಾಗೆ. ಇವತ್ತಿನ ಎಕ್ಸ್‌ಎಂಎಲ್, ಜೇಸನ್ ಕಡತಗಳಲ್ಲಿ ಇದನ್ನು ಮಾಡುವುದು ಆಗಿನದ್ದಕ್ಕಿಂತ ಎಷ್ಟೋ ಸುಲಭ. ಯೋಶಿಮಿ ಇದಕ್ಕೆ ಹತ್ತಿರ ಬರುತ್ತದೆ: ಝಿನ್‌ಆ್ಯಡ್‌ಸಬ್‌ಎಫ್‌ಎಕ್ಸ್‌ನಿಂದ ಕವಲೊಡೆದ ಈ ಸಿಂಥ್ ತನ್ನ ವಿಸ್ತೃತ ರೂಪದ ಜೊತೆಗೆ ಹಳೆಯ ರೂಪದಲ್ಲೂ ವಾದ್ಯವನ್ನು ಉಳಿಸಬಲ್ಲದು. ಇಂಥ ಮೆನು ಎಲ್ಲ ಸಿಂಥ್‌ಗಳಲ್ಲೂ ಇರಬೇಕಿತ್ತು.

ಈಗ ನನ್ನ ಸ್ವಂತ ಕೆಲಸದ ವಿಷಯ. ನಾನು ಹೆಚ್ಚಾಗಿ ಮಾಡುವುದು ತಂಬೂರಿಯಂಥ ಆಧಾರ ಶ್ರುತಿಯ ಪ್ಯಾಚುಗಳನ್ನು. ಕೇಳುವವರು ಹಾಡು ಕಲಿಯುವ ಮಕ್ಕಳು, ನಾಟಕದವರು, ಸುಗಮ ಸಂಗೀತಕ್ಕೆ ಮನೆಯಲ್ಲೇ ಟ್ರ್ಯಾಕ್ ಮಾಡುವವರು. ಸರ್ಜ್‌ನಲ್ಲಿ ಸ್ಕಾಲಾ ಎಂಬ ಬಗೆಯ ಕಡತದಲ್ಲಿ ಬರೆದಿಟ್ಟ ಶ್ರುತಿ ವಿನ್ಯಾಸವನ್ನು (ಸ್ವರಗಳ ನಡುವಿನ ಅಂತರಗಳನ್ನು) ಪ್ಯಾಚಿನ ಜೊತೆಗೇ ಉಳಿಸುವ ಅನುಕೂಲವಿದೆ, ಆದರೆ ಅದು ಓಪನ್ ಸೋರ್ಸ್ ಆದ ಮೇಲೆ ಬಂದದ್ದು. ಆ ಸೌಲಭ್ಯ ಅರಿಯದ ಆವೃತ್ತಿ ಪ್ಯಾಚನ್ನು ತೆರೆದು, ಶ್ರುತಿಯ ಭಾಗವನ್ನು ಬಿಟ್ಟು, ಹನ್ನೆರಡು ಸ್ವರಗಳನ್ನು ಸಮವಾಗಿ ಹಂಚಿದ ಪಿಯಾನೋದ ಸಮ ಹಂತಕ್ಕೆ ಮರಳುತ್ತದೆ. ಪಂಚಮ 702 ಸೆಂಟ್ಸ್ ಬದಲು 700 ಆಗುತ್ತದೆ (ಪಿಯಾನೋದ ಪಕ್ಕಪಕ್ಕದ ಎರಡು ಸ್ವರಗಳ ಅಂತರ ನೂರು ಸೆಂಟ್ಸ್). ಎರಡೇ ಸೆಂಟ್ಸ್ ಎನ್ನಬೇಡಿ. ಎರಡು ಮನೆ ಶ್ರುತಿಯಲ್ಲಿ, ಅಂದರೆ ಡಿ, ಷಡ್ಜ 146.83 ಹರ್ಟ್ಜ್. ಅದರ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಆವರ್ತನದ ಉಪಸ್ವರ) 440.5. ಸಮ ಹಂತದ ಮಂದ್ರ ಪಂಚಮ 110 ಹರ್ಟ್ಜ್, ಅದರ ನಾಲ್ಕನೆಯದು 440. ಈ ಅರ್ಧ ಹರ್ಟ್ಜ್ ಅಂತರ ಎರಡು ಸೆಕೆಂಡಿಗೊಮ್ಮೆ ಅಲೆಯಾಗಿ ಏಳುತ್ತದೆ. ನಿಂತ ಶ್ರುತಿಯಲ್ಲಿ ಕೂತು ಹಾಡುವವರಿಗೆ ಅದು ಕೇಳಿಸಿಯೇ ಕೇಳಿಸುತ್ತದೆ. ಅಂತರ ಗಾಂಧಾರಕ್ಕೆ ಬಂದರೆ 386ರ ಜಾಗದಲ್ಲಿ 400, ಹದಿನಾಲ್ಕು ಸೆಂಟ್ಸ್ ಮೇಲೆ. ಅದು ಮಗುವಿನ ಕಿವಿಯನ್ನೇ ಕೆಡಿಸುತ್ತದೆ.

ಹಾಗಾಗಿ ಹಂಚುವ ಪ್ಯಾಚುಗಳಲ್ಲಿ ನಾನು ಶ್ರುತಿ ಕಡತವನ್ನು ನೆಚ್ಚುವುದಿಲ್ಲ. ಪಂಚಮದ ಆಸಿಲೇಟರ್‌ನ (ಸಿಂಥ್‌ನಲ್ಲಿ ಅಲೆ ಹುಟ್ಟಿಸುವ ಭಾಗದ) ಪಿಚ್ ಗುಂಡಿಯಲ್ಲೇ ಆ ಎರಡು ಸೆಂಟ್ಸ್ ಸೇರಿಸುತ್ತೇನೆ. ಆ ಗುಂಡಿ ಮೊದಲ ಆವೃತ್ತಿಯಿಂದಲೂ ಇದೆ. ಹೊಸ ಆವೃತ್ತಿಯ ಎಫೆಕ್ಟ್‌ಗಳು ಎಷ್ಟೇ ಚೆನ್ನಾಗಿದ್ದರೂ ದನಿಯ ಜೀವ ಅವುಗಳ ಮೇಲೆ ನಿಲ್ಲದಂತೆ ನೋಡಿಕೊಳ್ಳುತ್ತೇನೆ. ರಿವರ್ಬ್ (ಪ್ರತಿಧ್ವನಿಯ ಎಫೆಕ್ಟ್) ಬಿದ್ದುಹೋದರೂ ತಂಬೂರಿ ತಂಬೂರಿಯಾಗಿಯೇ ಉಳಿಯಬೇಕು. ಸರ್ಜ್ ಮತ್ತು ಸರ್ಜ್ ಎಕ್ಸ್‌ಟಿ ಎರಡೂ ಬೇರೆ ಬೇರೆ ಪ್ಲಗಿನ್‌ಗಳಾದ್ದರಿಂದ ಒಂದೇ ಯಂತ್ರದಲ್ಲಿ ಇಟ್ಟುಕೊಂಡು ಹೋಲಿಸಿ ನೋಡಬಹುದು. ಹಳೆಯದರಲ್ಲಿ ಕಟ್ಟಿ ಹೊಸದರಲ್ಲಿ ಕೇಳಿ ನೋಡುವುದು ನನ್ನ ಪದ್ಧತಿ. ಹೊಸದರಲ್ಲಿ ಕಟ್ಟಿ ಹಿಂದಕ್ಕೆ ಇಳಿಸುವುದಕ್ಕಿಂತ ಇದು ಹೆಚ್ಚು ನಂಬಿಕೆಗೆ ಅರ್ಹ.

ಎಲ್ಲವನ್ನೂ ಹಿಂದಿನದಕ್ಕೆ ಕಟ್ಟಿಹಾಕಿದರೆ ಹೊಸತು ಹುಟ್ಟುವುದು ಹೇಗೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೆಲವೊಮ್ಮೆ ಬೇಲಿ ಹಾಕಿ ಬೇರೆಯಾಗುವುದೇ ಪ್ರಾಮಾಣಿಕ. 2019ರ ಮಾಸಿವ್ ಎಕ್ಸ್ ಹಳೆಯ ಮಾಸಿವ್‌ನ ಪ್ರಿಸೆಟ್‌ಗಳನ್ನು ತೆರೆಯುವುದಿಲ್ಲ, ಅದು ಬೇರೆಯದೇ ಸಿಂಥ್. 2025ರಲ್ಲಿ ಬಂದ ಸೀರಮ್ 2 ಹಳೆಯವನ್ನು ತೆರೆಯುತ್ತದೆ, ಆದರೆ ಮೊದಲ ಸೀರಮ್‌ನ ಪಕ್ಕದಲ್ಲಿ ಪ್ರತ್ಯೇಕ ಪ್ಲಗಿನ್ ಆಗಿ ಕೂರುತ್ತದೆ, ಹಳೆಯ ಹಾಡುಗಳ ತಂಟೆಗೆ ಹೋಗುವುದಿಲ್ಲ. ಇದು ನನಗೆ ಸರಿಯೆನಿಸಿದ ದಾರಿ. ಒಪ್ಪಲಾಗದ್ದು ಅದೇ ಹೆಸರಿನಲ್ಲಿ, ಅದೇ ಪ್ಲಗಿನ್‌ನಲ್ಲಿ, ಸಣ್ಣ ಅಪ್‌ಡೇಟ್ ಎಂದು ಹೇಳಿ ದನಿ ಬದಲಿಸುವುದು.

ಪ್ರಿಸೆಟ್ ಹಂಚುವ ಗೆಳೆಯರಲ್ಲಿ ಒಂದು ಕೋರಿಕೆ. ಪ್ಯಾಚಿನ ಕಾಮೆಂಟ್ ಜಾಗದಲ್ಲಿ ಯಾವ ಆವೃತ್ತಿಯಲ್ಲಿ ಮಾಡಿದ್ದು, ಯಾವ ಆವೃತ್ತಿಯಲ್ಲಿ ಕೇಳಿ ನೋಡಿದ್ದು ಎಂದು ಬರೆಯಿರಿ. ಪಕ್ಕದಲ್ಲಿ ಅದೇ ದನಿಯ ಹತ್ತು ಸೆಕೆಂಡಿನ ಒಂದು ವೇವ್ ಕಡತವನ್ನೂ ಇಡಿ. ತಮ್ಮ ಲ್ಯಾಪ್‌ಟಾಪಿನಲ್ಲಿ ಬರುತ್ತಿರುವುದು ಸರಿಯೋ ತಪ್ಪೋ ಎಂದು ಪಡೆದವರಿಗೆ ತಿಳಿಯಲು ಬೇರೆ ಉಪಾಯವೇ ಇಲ್ಲ. ನನ್ನ ಪ್ಯಾಚುಗಳಿಗೆ ನಾನು ಇದನ್ನು ಸೇರಿಸಲು ಶುರುಮಾಡಿದ್ದೇನೆ. ಹಳೆಯ ಸರ್ಜ್ ಇಟ್ಟುಕೊಂಡಿರುವವರು ಯಾರಾದರೂ ಇದ್ದರೆ ಯಾವ ಆವೃತ್ತಿ, ಯಾವ ಓಎಸ್ ಎಂದು ಕೆಳಗೆ ಬರೆಯಿರಿ. ಅದಕ್ಕೆ ಹೊಂದುವ ಕಡತವನ್ನು ಕಳಿಸುತ್ತೇನೆ.