ನಡೆಸುವ ಖರ್ಚು ಎಲ್ಲಿಂದ ಬರುತ್ತದೆ?

ಬೆಂಗಳೂರಿನಲ್ಲಿ ಈಗಿರುವ ವಸತಿರಹಿತರ ಆಶ್ರಯ ಕೇಂದ್ರಗಳ ಮೇಲೆ ಇನ್ನೊಂದು ಮಹಡಿ ಎಬ್ಬಿಸಿದರೆ ಸಾಕು ಎಂದು ಈ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಕೆ.ಆರ್. ಮಾರುಕಟ್ಟೆಯಲ್ಲಿ ಮೂಟೆ ಹೊರುವವರು ಅಂಗಡಿ ಮುಂದೆಯೇ ಯಾಕೆ ಮಲಗುತ್ತಾರೆ? ಬೆಳಗಿನ ಜಾವ ತರಕಾರಿ, ಹೂವಿನ ಲೋಡು ಬರುವ ಹೊತ್ತಿಗೆ ಅವರು ಅಲ್ಲಿರಲೇಬೇಕು. ನಾಲ್ಕೈದು ಕಿಲೋಮೀಟರ್ ಆಚೆ ಮಂಚ ಹಾಕಿಟ್ಟರೆ ಯಾರು ಹೋಗುತ್ತಾರೆ? ಕೇಂದ್ರಗಳು ಮಾರುಕಟ್ಟೆ, ಬಸ್ ನಿಲ್ದಾಣ, ರೈಲು ನಿಲ್ದಾಣದ ಹತ್ತಿರ ಇರಬೇಕು ಎಂದು ಕೇಂದ್ರ ಸರ್ಕಾರದ ನಗರ ಜೀವನೋಪಾಯ ಯೋಜನೆಯ ಮಾರ್ಗಸೂಚಿಯೇ ಹೇಳಿತ್ತು. ಲಕ್ಷ ಜನಸಂಖ್ಯೆಗೆ 100 ಜನರಿಗೆ ಜಾಗ ಅನ್ನುವುದೂ ಅದರದೇ ಲೆಕ್ಕ. 2011ರ ಜನಗಣತಿಯ 84 ಲಕ್ಷ ಹಿಡಿದರೂ 8,400 ಜನರಿಗೆ ಜಾಗ ಬೇಕು.

ಹಣದ ವಿಷಯದಲ್ಲಿ ಆ ಲೇಖನ ಪೂರ್ತಿ ಕಟ್ಟಡದ ಖರ್ಚೇ ಇದೆ. ನಡೆಸುವ ಖರ್ಚು? ಆ ಯೋಜನೆಯಲ್ಲಿ 50 ಜನರ ಕೇಂದ್ರಕ್ಕೆ ಕೊಡುತ್ತಿದ್ದದ್ದು ವರ್ಷಕ್ಕೆ 6 ಲಕ್ಷ ರೂಪಾಯಿ, ಅದೂ ಐದು ವರ್ಷ ಮಾತ್ರ. ಅಂದರೆ ಒಬ್ಬರಿಗೆ ತಿಂಗಳಿಗೆ ಸಾವಿರ. ಕಾವಲುಗಾರರ ಸಂಬಳ, ಕರೆಂಟು, ನೀರು, ಹಾಸಿಗೆ ಒಗೆಸುವುದು ಎಲ್ಲಾ ಅದರಲ್ಲೇ ಆಗಬೇಕು. ಸಂಬಳ ತಡವಾದರೆ ಮೊದಲು ಕೆಡುವುದು ಶೌಚಾಲಯ, ಅಲ್ವಾ? ಆಮೇಲೆ ಹೆಂಗಸರು ಬರುವುದನ್ನೇ ಬಿಡುತ್ತಾರೆ. ಆ ಯೋಜನೆಯೂ 2024ರಲ್ಲಿ ಮುಗಿಯಿತು. ನಗರದ ಪಾಲಿಕೆಗಳು ಮೊದಲು ತಮ್ಮ ಬಜೆಟ್‌ನಲ್ಲಿ ಪ್ರತಿ ವರ್ಷ ನಡೆಸುವ ಹಣವನ್ನು ಬೇರೆ ತೆಗೆದಿಡಲಿ. ಮಹಡಿ ಆಮೇಲೆ. ಮಾರುಕಟ್ಟೆ ಸುತ್ತ ಖಾಲಿ ಇರುವ ಸರ್ಕಾರಿ ಕಟ್ಟಡ ಸಿಕ್ಕರೆ ದುರಸ್ತಿ ಮಾಡಿ ಈ ಚಳಿಗಾಲಕ್ಕೇ ಶುರು ಮಾಡಬಹುದು, ಹೆಂಗಸರಿಗೆ ಮತ್ತು ಕುಟುಂಬಗಳಿಗೆ ಬೇರೆ ಬೇರೆ.