ಗಾಳಿ ಬಿಟ್ಟವರು

ಬೆಳಿಗ್ಗೆ ಎದ್ದು ನೋಡಿದರೆ ಸ್ಕೂಟರಿನ ಎರಡೂ ಚಕ್ರ ನೆಲಕ್ಕೆ ಅಂಟಿದ್ದವು. ಹಿಂದಿನ ರಾತ್ರಿ ಯಾರದೋ ಗೇಟಿನ ಎದುರು ನಿಲ್ಲಿಸಿದ್ದೆ, ನಿಜ. ತಪ್ಪು ನನ್ನದೂ ಇದೆ ಅನ್ನಿ. ತುಮಕೂರಿನ ಬಿ.ಎಚ್. ರಸ್ತೆಯ ಪಂಕ್ಚರ್ ಅಂಗಡಿಯವರೆಗೆ ತಳ್ಳಿಕೊಂಡು ಹೋದೆ.

"ಪಂಕ್ಚರ್ ಇಲ್ಲ ಸಾರ್. ಯಾರೋ ಗಾಳಿ ಬಿಟ್ಟವ್ರೆ" ಎಂದರು ಅಂಗಡಿ ಯಜಮಾನರು. ಜೊತೆಗೆ ಸಣ್ಣ ನಗು ಬೇರೆ. ಅವಮಾನ ಮುಚ್ಚಿಕೊಳ್ಳಲು ನಾನು ಪ್ಯಾರಿಸ್ ಕಥೆ ತೆಗೆದೆ.

2014ರ ಅಕ್ಟೋಬರ್. ಅಲ್ಲಿನ ವಾಂಡೋಮ್ ಚೌಕದಲ್ಲಿ ಅಮೆರಿಕದ ಕಲಾವಿದ ಪಾಲ್ ಮೆಕಾರ್ಥಿ 24 ಮೀಟರ್ ಎತ್ತರದ ಹಸಿರು ಬಲೂನು ನಿಲ್ಲಿಸಿದರು. ಹೆಸರು 'ಮರ'. ಆಕಾರ ಮಾತ್ರ ಮನೆಮಂದಿ ಎದುರು ಹೇಳಲಾಗದ ಒಂದು ಆಟಿಕೆಯದು. ನಿಲ್ಲಿಸುತ್ತಿರುವಾಗಲೇ ಒಬ್ಬ ಬಂದು ಕಲಾವಿದರ ಕೆನ್ನೆಗೆ ಬಾರಿಸಿ ಹೋದ. ಊರ ಮರ್ಯಾದೆ ಕಾಯುವವರಿಗೆ ಆಟಿಕೆಯ ಗುರುತು ಕಂಡ ಕೂಡಲೇ ಸಿಕ್ಕಿತು. ಹೇಗೆ ಸಿಕ್ಕಿತು ಅಂತ ನಾವು ಕೇಳಬಾರದು. ಮೂರನೇ ದಿನ ಬೆಳಗಾಗುವಷ್ಟರಲ್ಲಿ ಯಾರೋ ಹಗ್ಗ ಕತ್ತರಿಸಿ, ಗಾಳಿ ಯಂತ್ರ ನಿಲ್ಲಿಸಿದ್ದರು. ಮರ ಠುಸ್.

ಯಜಮಾನರು ಕಂಪ್ರೆಸರ್ ಆಫ್ ಮಾಡಿ ಕೇಳಿದರು: "ಅಲ್ಲೂ ನಿಮ್ ಬೀದಿಯವ್ರೇ ಇದ್ರಾ?"

ಮೇಷ್ಟ್ರ ಸೈಕಲ್ಲಿಗೆ ನಾವು ಇದೇ ಕೆಲಸ ಮಾಡಿ ಬೆತ್ತದೇಟು ತಿಂದಿದ್ದೆವು. ದೊಡ್ಡವರು ಮಾಡಿದರೆ ಅದು ಸಂಸ್ಕೃತಿ ರಕ್ಷಣೆ.

ಆ ಮರ ನಮ್ಮ ಟೌನ್‌ಹಾಲ್ ಸರ್ಕಲ್ಲಿನಲ್ಲಿ ಎದ್ದಿದ್ದರೆ? ಮೊದಲ ದಿನ ಕುಂಬಳಕಾಯಿ ಒಡೆದು ಪೂಜೆ. ಎರಡನೇ ದಿನ ಸುತ್ತಲೂ ಹುಟ್ಟುಹಬ್ಬದ ಫ್ಲೆಕ್ಸ್. ಮೂರನೇ ದಿನ ಕೈಮುಗಿದು ನಗುವ ಮುಖಗಳ ಹಿಂದೆ 24 ಮೀಟರ್ ಮರ ಮಾಯ. ಭಾವನೆಗೆ ಧಕ್ಕೆ ಆಗಬೇಕಾದರೆ ವಸ್ತು ಕಣ್ಣಿಗೆ ಬೀಳಬೇಕಲ್ವಾ? ಬೇಕಿಲ್ಲ. ನೋಡದವರಿಗೇ ಧಕ್ಕೆ ಜಾಸ್ತಿ. ಡಿ.ಸಿ. ಕಚೇರಿಗೆ ಮನವಿ, ಜೊತೆಗೆ ಫೋಟೋ. ಫೋಟೋದಲ್ಲಿ ಮನವಿ ಕೊಟ್ಟವರು ಮಾತ್ರ.

ಒಡೆಯುವವರಿಗೆ ಒಂದು ವಿಷಯ ಯಾಕೆ ಹೊಳೆಯುವುದಿಲ್ಲವೋ! ಅಮೆರಿಕದ ಛಾಯಾಗ್ರಾಹಕ ಆಂದ್ರೆಸ್ ಸೆರಾನೊ 1987ರಲ್ಲಿ ಮೂತ್ರದಲ್ಲಿ ಮುಳುಗಿಸಿದ ಶಿಲುಬೆಯ ಫೋಟೋ ತೆಗೆದರು. 2011ರಲ್ಲಿ ಫ್ರಾನ್ಸಿನ ಅವಿನ್ಯೋನ್‌ನಲ್ಲಿ ಅದನ್ನು ಸುತ್ತಿಗೆಯಿಂದ ಒಡೆದರು. ಮ್ಯೂಸಿಯಂನವರು ಏನು ಮಾಡಿದರು ಗೊತ್ತಾ? ಒಡೆದದ್ದನ್ನೇ ಹಾಗೇ ಪ್ರದರ್ಶನಕ್ಕಿಟ್ಟರು. ಪುಗಸಟ್ಟೆ ಪ್ರಚಾರ, ಸುತ್ತಿಗೆ ಖರ್ಚು ವಿರೋಧಿಗಳದ್ದು.

"ಆ ಬಲೂನಿಗೆ ಮತ್ತೆ ಗಾಳಿ ತುಂಬಿಸ್ಲಿಲ್ವಾ?" ಯಜಮಾನರ ಚಿಂತೆ ಅವರದು.

"ಕಲಾವಿದರೇ ಬೇಡ ಅಂದರು. ಅದೇ ತಿಂಗಳು ಪ್ಯಾರಿಸ್ಸಿನ ಟಂಕಸಾಲೆಯಲ್ಲಿ ಅದೇ ಆಕಾರದ ಚಾಕೊಲೇಟ್ ಮಾಡಿಸಿ ಮಾರಿದರು."

"ಗಾಳಿ ಬಿಟ್ಟೋರಿಗೆ ಒಂದು ಡಬ್ಬ ಕಳ್ಸಿದ್ರಾ?"

ನನಗೆ ಉತ್ತರ ಹೊಳೆಯಲಿಲ್ಲ. ಇಪ್ಪತ್ತು ರೂಪಾಯಿ ಕೊಟ್ಟು ಸ್ಕೂಟರ್ ಹತ್ತಿದೆ. ಹಿಂದಿನಿಂದ ಕೂಗಿದರು: "ವಾಲ್ವ್ ಕ್ಯಾಪ್ ಬಿಗಿಯಾಗಿ ಹಾಕಿದೀನಿ ಸಾರ್. ಇವತ್ತೂ ಬತ್ತಾರೆ!"