ಪೀಜೋ ಸಿಗ್ನಲ್ ವೀಕ್ ಅಂತ ಯಾರು ಹೇಳಿದ್ದು?

ನಿನ್ನೆ ಸಂಜೆ ಹಿಂದಿನ ಬೀದಿಯ ಹುಡುಗ ತಾನೇ ಮಾಡಿದ ಎಲೆಕ್ಟ್ರಾನಿಕ್ ಡ್ರಮ್ ಪ್ಯಾಡ್ ಹಿಡಿದುಕೊಂಡು ಬಂದಿದ್ದ. ಪ್ಲೈವುಡ್ಡು, ಮೇಲೆ ಹಳೇ ಮೌಸ್‌ಪ್ಯಾಡು, ನಡುವೆ ಪೀಜೋ ಬಿಲ್ಲೆ, ಅಂದರೆ ಪೆಟ್ಟು ಬಿದ್ದರೆ ವೋಲ್ಟೇಜ್ ಹುಟ್ಟಿಸೋ ಬಿಲ್ಲೆ. ಕೆಲಸ ಅಚ್ಚುಕಟ್ಟು. ಆದರೆ ಬೆರಳಲ್ಲಿ ತಟ್ಟಿದರೂ 127, ಕೋಲಲ್ಲಿ ಬಾರಿಸಿದರೂ 127. ಎಲೆಕ್ಟ್ರಾನಿಕ್ ವಾದ್ಯಗಳು ಮಾತಾಡಿಕೊಳ್ಳೋ ಭಾಷೆಯಾದ ಮಿಡಿಯಲ್ಲಿ ಅದಕ್ಕಿಂತ ಜೋರು ಪೆಟ್ಟೇ ಇಲ್ಲ. ಡಬ್ಬಿ ಬಿಚ್ಚಿದರೆ ಒಳಗೆ ನೂರು ಪಟ್ಟು ಹಿಗ್ಗಿಸುವ ಆಂಪ್ಲಿಫೈಯರ್!

"ಪೀಜೋ ಸಿಗ್ನಲ್ ವೀಕ್ ಅಲ್ವಾ ಅಂಕಲ್?"

ಅಂಕಲ್ ಅಂದದ್ದಕ್ಕೂ ಸಿಟ್ಟು ಬಂತು. ಅದು ಬೇರೆ ವಿಷಯ ಬಿಡಿ.

ಆ 27 ಮಿಲಿಮೀಟರ್ ಹಿತ್ತಾಳೆ ಬಿಲ್ಲೆಗೆ ಕೋಲಿಂದ ಸರಿಯಾಗಿ ಒಂದು ಕೊಟ್ಟರೆ ಹತ್ತಾರು ವೋಲ್ಟ್ ಚಿಮ್ಮುತ್ತದೆ. ಅಡುಗೆಮನೆ ಲೈಟರ್‌ನಲ್ಲಿ ಕಿಡಿ ಹಾರಿಸೋದೂ ಪೀಜೋನೇ. ವೋಲ್ಟೇಜ್‌ಗೆ ಬರವಿಲ್ಲ, ಭಾರ ಹೊರುವ ತ್ರಾಣ ಇಲ್ಲ, ಅಷ್ಟೇ. ಅದು ಸುಮಾರು 20 ನ್ಯಾನೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಇದ್ದ ಹಾಗೆ. ಎದುರಿಗೆ 10 ಕಿಲೋಓಮ್ ರೆಸಿಸ್ಟರ್ ಇಟ್ಟಿರೋ, 800 ಹರ್ಟ್ಸ್‌ನಿಂದ ಕೆಳಗೆ ಇಳಿದಷ್ಟೂ ಸಿಗ್ನಲ್ ಸೋರಿ ಹೋಗುತ್ತದೆ. ಧಮ್ ಹೋಗಿ ಟಿಕ್ ಉಳಿಯುತ್ತದೆ. 1 ಮೆಗಾಓಮ್ ಇಟ್ಟರೆ ಆ ಗಡಿ 8 ಹರ್ಟ್ಸ್‌ಗೆ ಇಳಿಯುತ್ತದೆ. ನಮ್ಮ ಜನ ಏನು ಮಾಡ್ತಾರೆ? ತಾವೇ ಅದರ ಕತ್ತು ಹಿಚುಕಿ, ಆಮೇಲೆ ದನಿ ಕೇಳ್ತಿಲ್ಲ ಅಂತ ಮೈಕ್ ತಂದಿಡ್ತಾರೆ.

ಬೇಕಾದ್ದು ಬಫರ್. ಬಂದಷ್ಟನ್ನೇ ಹಾಗೇ ದಾಟಿಸೋ ಆಪ್‌ಆಂಪ್ ಚಿಪ್, ಗೇನ್ ಅಂದರೆ ಹಿಗ್ಗಿಸೋ ಪಟ್ಟು ಒಂದೇ ಒಂದು. ಪೆಟ್ಟನ್ನು ಅಳೆಯೋ ಪುಟ್ಟ ಬೋರ್ಡು ಆರ್ಡುಯಿನೊ ಊನೋದ ಚಿಪ್‌ಗೆ 10 ಕಿಲೋಓಮ್‌ಗಿಂತ ಕಮ್ಮಿ ಇಂಪೀಡೆನ್ಸ್‌ನ (ಅಡೆತಡೆಯ) ಸಿಗ್ನಲ್ ಬೇಕು, ಅದಕ್ಕೇ ಇದು. ಜೊತೆಗೆ 5 ವೋಲ್ಟ್ ದಾಟದ ಹಾಗೆ ಕಾಯೋಕೆ ಡಯೋಡು.

ಇಷ್ಟೆಲ್ಲ ಬಯ್ಯುವ ನಾನೇನು ಸಾಚಾ? ನನ್ನ ಮೊದಲ ಪ್ಯಾಡ್ ಏನೇ ಮಾಡಿದರೂ 90 ದಾಟುತ್ತಿರಲಿಲ್ಲ. ಬಿಲ್ಲೆಯದ್ದೇ ತಪ್ಪು ಅಂತ ಮೂರು ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡ್‌ಗೆ ಹೋಗಿ ಹೊಸದು ತಂದೆ. ಮೂರನೇ ಸಲ ಅಂಗಡಿಯವರು ನಾನು ಬಾಯಿ ಬಿಡುವ ಮೊದಲೇ ಬಿಲ್ಲೆ ತೆಗೆದಿಟ್ಟಿದ್ದರು. ತಪ್ಪು ಇದ್ದದ್ದು ನಾನು ಹಾಕಿದ್ದ ಎಲ್‌ಎಂ358 ಆಪ್‌ಆಂಪ್‌ನಲ್ಲಿ. 5 ವೋಲ್ಟ್ ಕೊಟ್ಟರೆ ಅದರ ಔಟ್‌ಪುಟ್ ಮೂರೂವರೆಯ ಆಸುಪಾಸಿಗೇ ನಿಂತುಬಿಡುತ್ತದೆ. ಔಟ್‌ಪುಟ್ 5 ವೋಲ್ಟ್‌ನ ಹತ್ತಿರದವರೆಗೂ ಏರುವ ಎಂಸಿಪಿ6002 ಹಾಕಿದೆ, ಸರಿ ಹೋಯ್ತು. ಹೆಂಡತಿಗೆ ಮಾತ್ರ ಇವತ್ತಿಗೂ ಬಿಲ್ಲೆ ಕೆಟ್ಟಿತ್ತು ಅಂತಲೇ ಹೇಳಿದ್ದೇನೆ.

"ಮೆಲ್ಲಗೆ ತಟ್ಟಿದ್ದೂ ಸಿಗಬೇಕಲ್ಲ, ಗೇನ್ ಬೇಡ್ವಾ?" ಅಂತ ಕೆಲವರು ಕೇಳ್ತೀರಿ, ಗೊತ್ತು. ವೀಣೆಗೆ ಪಿಕಪ್ ಅಂಟಿಸ್ತೀರಾ? ಹಾಕಿಕೊಳ್ಳಿ. ಕೋಲಲ್ಲಿ ಬಡಿಯೋ ಪ್ಯಾಡ್‌ಗೆ ಯಾಕ್ರೀ? ಬಿಲ್ಲೆಯನ್ನು ಸರಿಯಾಗಿ ಅಂಟಿಸಿ ಮೊದಲು.

ಕೊನೆಗೆ ಹುಡುಗನ ಆಂಪ್ಲಿಫೈಯರ್ ಕಿತ್ತು ಬಫರ್ ಮಾಡಿದೆ. ಆಗಲೂ ಜಾಸ್ತಿಯಾಗಿ, ಅದರ ಮುಂದೆ 1 ಮೆಗಾಓಮ್‌ನ ಪಾಟ್ (ತಿರುಗಿಸಿ ಹೊಂದಿಸೋ ರೆಸಿಸ್ಟರ್) ಹಾಕಿ ತಗ್ಗಿಸಬೇಕಾಯ್ತು. ವೀಕ್ ಅಂತೆ! ಬೆರಳಿಗೆ 14 ಬಂತು, ಕೋಲಿಗೆ 118. ಹುಡುಗನ ಮುಖ ಅರಳಿತು. ಆದರೆ ಒಂದು ಪೆಟ್ಟಿಗೆ ಎರಡೆರಡು ಸಲ ಬಾರಿಸುತ್ತಿತ್ತು. ಕೋಡ್‌ನಲ್ಲಿ ಮಾಸ್ಕ್ ಟೈಮ್, ಅಂದರೆ ಒಂದು ಪೆಟ್ಟಾದ ಮೇಲೆ ಕ್ಷಣಕಾಲ ಕಿವಿ ಮುಚ್ಚಿಕೊಳ್ಳೋ ಸಮಯ, ಹಾಕಿರಲೇ ಇಲ್ಲ ಪುಣ್ಯಾತ್ಮ. ನಾನು ಲ್ಯಾಪ್‌ಟಾಪ್ ಎಳೆದುಕೊಳ್ಳುವಷ್ಟರಲ್ಲಿ ಕೇಳಿದ:

"ಇದಕ್ಕೊಂದು ಆಂಪ್ಲಿಫೈಯರ್ ಹಾಕಿದ್ರೆ ಸರಿ ಹೋಗುತ್ತಾ ಅಂಕಲ್?"